ತತ್ತಿ ಹಾಕದ ಫ್ರಾಸ್ಟಿಂಗ್ ಕುಕ್ಕಿ ಬಾರ್: ಕೆಳಗೆ ಗಟ್ಟಿ, ಮೇಲೆ ನೀರು ಆಗುವುದೇಕೆ?

ಪ್ರಶ್ನೆ: ಶಹಾಪುರದ ಗೃಹಿಣಿ, ಬೆಳಗಾವಿ (ಡಿಸೆಂಬರ್ 4)

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಶಹಾಪುರದಲ್ಲಿ ನಾವಿರುವ ಓಣಿಯಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆ ನಮ್ಮದೊಂದೇ. ದೀಪಾವಳಿ ಬಂತೆಂದರೆ ಹನ್ನೊಂದು ಮನೆಗಳಿಂದ ನಮಗೆ ಫರಾಳದ ತಾಟು ಬರುತ್ತದೆ. ಯಾವ ಶಂಕರಪೋಳಿ ಯಾರ ಮನೆಯದು, ಯಾವ ಚಕ್ಕುಲಿ ಯಾರ ಮನೆಯದು ಎಂಬುದನ್ನು ನಮ್ಮ ಮಕ್ಕಳು ತಿಂದ ಕೂಡಲೇ ಹೇಳಬಲ್ಲರು. ಅದಕ್ಕೆ ಪ್ರತಿಯಾಗಿ ಡಿಸೆಂಬರ್ 25ರ ಬೆಳಿಗ್ಗೆ ನಮ್ಮ ಮನೆಯಿಂದ ಹನ್ನೊಂದು ತಾಟುಗಳು ಹೊರಡಬೇಕು ಎಂಬುದು ನಮ್ಮ ಅತ್ತೆಯವರು ಹಾಕಿಕೊಟ್ಟ ಪದ್ಧತಿ. ಅವರಿದ್ದಾಗ ಗೋವೆಯ ಕಡೆಯ ನೆವ್ರಿ (ಕರ್ಜಿಕಾಯಿ) ಮತ್ತು ಕುಲ್ಕುಲ್ ಮಾಡುತ್ತಿದ್ದರು. ಕುಲ್ಕುಲ್‌ಗೆ ಹಿಟ್ಟಿನ ಪುಟ್ಟ ಉಂಡೆಯೊಂದೊಂದನ್ನೂ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿಯಬೇಕು. ನಾಲ್ಕು ಜನ ಹೆಣ್ಣುಮಕ್ಕಳು ಕುಳಿತರೂ ಅದು ಒಂದು ಸಂಜೆ ಪೂರ್ತಿ ಹಿಡಿಯುವ ಕೆಲಸ. ಈಗ ಮನೆಯಲ್ಲಿ ಅಡುಗೆಗೆ ನಿಲ್ಲುವವಳು ನಾನೊಬ್ಬಳೇ, ಅದೂ ಕಚೇರಿಯಿಂದ ಬಂದ ಮೇಲೆ.

ಆದ್ದರಿಂದ ಕಳೆದ ವರ್ಷ ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಕುಕ್ಕಿ ಬಾರ್‌ಗಳನ್ನು ಮಾಡಲು ಹೋದೆ. ನಕ್ಷತ್ರ, ಗಿಡಗಳ ಅಚ್ಚಿನಿಂದ ಬಿಸ್ಕತ್ತುಗಳನ್ನು ಒಂದೊಂದಾಗಿ ಕತ್ತರಿಸಿ ಒಂದೊಂದಕ್ಕೂ ಬಣ್ಣ ಬಳಿಯುವ ಬದಲು, ಅದೇ ಹಿಟ್ಟನ್ನು ಟಿನ್ನಿನಲ್ಲಿ ಒತ್ತಿ, ಒಂದೇ ಸಲಕ್ಕೆ ಬೇಯಿಸಿ, ಮೇಲೆ ಬೆಣ್ಣೆ ಸಕ್ಕರೆಯ ಫ್ರಾಸ್ಟಿಂಗ್ ಸವರಿ, ಬರ್ಫಿಯಂತೆ ಕತ್ತರಿಸುವ ಈ ಕ್ರಮ ನನಗೆ ತುಂಬ ಹಿಡಿಸಿತ್ತು. ನಮ್ಮ ಓಣಿಯ ಹೆಚ್ಚಿನವರು ತತ್ತಿ ಮುಟ್ಟುವುದಿಲ್ಲವಾದ್ದರಿಂದ ತತ್ತಿ ಬಿಟ್ಟು ಆ ಜಾಗಕ್ಕೆ ಹಾಲು ಹಾಕಿದೆ. ನಾನು ನೋಡಿದ ಅಮೆರಿಕದವರ ವಿಡಿಯೊದಲ್ಲಿ ಹೇಳಿದಂತೆಯೇ 9 ಇಂಚು ಅಗಲ, 13 ಇಂಚು ಉದ್ದದ ಟಿನ್ ತಂದೆ. ಅದು ನಮ್ಮ 19 ಲೀಟರಿನ ಓಟಿಜಿಯೊಳಗೆ (ಮನೆಯ ಪುಟ್ಟ ವಿದ್ಯುತ್ ಓವನ್) ಗೋಡೆಗೆ ತಾಗಿಕೊಂಡು ಹೇಗೋ ಕುಳಿತಿತು. ಅವರು 350 ಡಿಗ್ರಿ ಎಂದಿದ್ದರು. ನಮ್ಮ ಓಟಿಜಿಯ ಗುಂಡಿ 250ರ ಆಚೆ ತಿರುಗುವುದಿಲ್ಲ, ಹಾಗಾಗಿ 250ಕ್ಕೆ ಇಟ್ಟೆ. ಹದಿನೆಂಟು ನಿಮಿಷಕ್ಕೆ ಅಂಚು ಕಂದಿ ಕಪ್ಪಾಗಿತ್ತು, ನಡುವೆ ಹಸಿ ಹಿಟ್ಟು ಹಾಗೆಯೇ ಇತ್ತು. ಇನ್ನೂ ಸ್ವಲ್ಪ ಬೇಯಿಸಿದಾಗ ನಡುಭಾಗ ಬೆಂದಿತಾದರೂ ತಣ್ಣಗಾದ ಮೇಲೆ ಎಲ್ಲವೂ ಹಲಗೆಯಂತೆ ಗಟ್ಟಿಯಾಯಿತು. ಚರ್ಚಿಗೆ ಹೊರಡುವ ಹೊತ್ತಾಗಿದ್ದರಿಂದ ಟಿನ್ ಉಗುರುಬೆಚ್ಚಗಿರುವಾಗಲೇ ಫ್ರಾಸ್ಟಿಂಗ್ ಸವರಿದೆ. ಅದು ಕರಗಿ ಅಂಚಿಗೆ ಹರಿಯಿತು. ಉಳಿದದ್ದು ಬಾಯಿಗೆ ಉಪ್ಪುಪ್ಪಾಗಿ, ಸಕ್ಕರೆಯ ಹರಳು ಹರಳಾಗಿ ಸಿಗುತ್ತಿತ್ತು. ಅಂಗಡಿಯ ಹಳದಿ ಬೆಣ್ಣೆಯನ್ನೂ ಮಿಕ್ಸರಿನಲ್ಲಿ ಪುಡಿ ಮಾಡಿದ ಸಕ್ಕರೆಯನ್ನೂ ಬಳಸಿದ್ದೆ. ಹನ್ನೊಂದು ತಾಟುಗಳಲ್ಲಿ ಒಂದನ್ನೂ ಕಳಿಸಲಾಗದೆ ಬೇಕರಿಯಿಂದ ಕೇಕ್ ತರಿಸಬೇಕಾಯಿತು. ಅಂದು ನನಗಾದ ಬೇಸರ ಇನ್ನೂ ಮರೆತಿಲ್ಲ.

ತತ್ತಿ ಇಲ್ಲದೆ ಮೆತ್ತಗೆ ಬರುವಂತೆ, 23ರ ರಾತ್ರಿ ಮಾಡಿಟ್ಟರೆ 26ರವರೆಗೆ ಕೆಡದಂತೆ, ಕೈಯಿಂದಲೇ ಕಲಸಿ ಮಾಡಬಹುದಾದ ಅಳತೆಯೊಂದನ್ನು ತಿಳಿದವರು ದಯವಿಟ್ಟು ಹೇಳಬೇಕು. ತಾಟಿಗೆ ನಾಲ್ಕರಂತೆ 44 ತುಂಡುಗಳು ಬೇಕು.

ಉತ್ತರ 1: ಮನೆಯಲ್ಲೇ ಬೇಕರಿ, ವಿಜಯಪುರ

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಕೈಯಲ್ಲಿ ದೋಷವಿಲ್ಲ, ಮೊದಲು ತಪ್ಪಿದ್ದು ಡಿಗ್ರಿಯ ಲೆಕ್ಕ. ಅಮೆರಿಕದವರು ಹೇಳುವ 350 ಡಿಗ್ರಿ ಫ್ಯಾರನ್‌ಹೀಟ್ ಅಳತೆಯದು. ನಮ್ಮ ಓಟಿಜಿಯಲ್ಲಿರುವುದು ಸೆಲ್ಸಿಯಸ್. ಅಲ್ಲಿನ 350 ಎಂದರೆ ಇಲ್ಲಿ ಸುಮಾರು 175. ನೀವು 250ಕ್ಕೆ ಇಟ್ಟಾಗ ನಡುಭಾಗಕ್ಕೆ ಶಾಖ ತಲುಪುವ ಮೊದಲೇ ಅಂಚು ಸುಟ್ಟಿದೆ. ಎರಡನೆಯ ಕಾರಣ ಟಿನ್. ಗೋಡೆಗೆ ತಾಗಿದ ಟಿನ್ನಿನ ಸುತ್ತ ಬಿಸಿಗಾಳಿ ತಿರುಗಲು ಜಾಗವೇ ಇರುವುದಿಲ್ಲ. ಸುತ್ತಲೂ ಎರಡು ಬೆರಳಿನಷ್ಟು ಖಾಲಿ ಜಾಗ ಬೇಕು. 19 ಲೀಟರಿನ ಓವನ್ನಿಗೆ 8 ಇಂಚಿನ ಚೌಕ ಟಿನ್ ಸರಿಯಾಗುತ್ತದೆ. 9 ಮತ್ತು 13 ಗುಣಿಸಿದರೆ 117 ಚದರ ಇಂಚು, 8 ಮತ್ತು 8 ಗುಣಿಸಿದರೆ 64. ಅಂದರೆ ದೊಡ್ಡ ಟಿನ್ನಿನ ಅಳತೆಯ ಅರ್ಧಕ್ಕಿಂತ ತುಸು ಹೆಚ್ಚು ಹಿಟ್ಟು ಸಾಕು. ಒಂದು ಟಿನ್ನಿನಲ್ಲಿ ಐದು ಸಾಲು, ಸಾಲಿಗೆ ಐದರಂತೆ 25 ತುಂಡುಗಳು ಬರುತ್ತವೆ. ಎರಡು ಸಲ ಬೇಯಿಸಿದರೆ ನಿಮ್ಮ ಹನ್ನೊಂದು ತಾಟುಗಳಾಗಿ ಮನೆಗೂ ಆರು ಉಳಿಯುತ್ತವೆ.

ನಾನು ಆರು ವರ್ಷಗಳಿಂದ ಮನೆಯಿಂದಲೇ ತತ್ತಿಯಿಲ್ಲದ ಕೇಕ್, ಬಿಸ್ಕತ್ತುಗಳ ಆರ್ಡರ್ ಮಾಡಿ ಕೊಡುತ್ತಿದ್ದೇನೆ. 8 ಇಂಚಿನ ಟಿನ್ನಿಗೆ ನಾನು ಹಾಕುವ ಅಳತೆ ಇದು: ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಮೈದಾ 170 ಗ್ರಾಂ, ಕಾರ್ನ್‌ಫ್ಲೋರ್ 15 ಗ್ರಾಂ, ಹೆಚ್ಚು ಹುಳಿಯಿಲ್ಲದ ಗಟ್ಟಿ ಮೊಸರು ಮೂರು ದೊಡ್ಡ ಚಮಚ, ಬೇಕಿಂಗ್ ಪೌಡರ್ ಅರ್ಧ ಚಿಕ್ಕ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ, ಉಪ್ಪು ಒಂದು ಚಿಟಿಕೆ, ವೆನಿಲ್ಲಾ ಎಸೆನ್ಸ್ ಒಂದು ಚಿಕ್ಕ ಚಮಚ. ದಯವಿಟ್ಟು ಮೈದಾವನ್ನು ಕಪ್ಪಿನಲ್ಲಿ ಅಳೆಯಬೇಡಿ. ಡಬ್ಬಿಯಲ್ಲಿ ಒತ್ತಿ ತುಂಬಿದ ಕಪ್ಪಿಗೂ ಚಮಚದಿಂದ ಸಡಿಲವಾಗಿ ತುಂಬಿದ ಕಪ್ಪಿಗೂ ಇಪ್ಪತ್ತು, ಮೂವತ್ತು ಗ್ರಾಂ ವ್ಯತ್ಯಾಸ ಬರುತ್ತದೆ. ಬಾರ್ ಗಟ್ಟಿಯಾಗಲು ಅಷ್ಟು ಹೆಚ್ಚುವರಿ ಹಿಟ್ಟು ಸಾಕು. ತತ್ತಿಯ ಬದಲು ಬರೀ ಹಾಲು ಹಾಕಿದಾಗಲೂ ಇದೇ ತೊಂದರೆ. ಮೊಸರಿನ ಹುಳಿ ಸೋಡಾದೊಂದಿಗೆ ಸೇರಿ ಹಿಟ್ಟನ್ನು ಸ್ವಲ್ಪ ಉಬ್ಬಿಸುತ್ತದೆ. ಹಾಲಿಗೆ ಆ ಗುಣವಿಲ್ಲ.

ಬೆಣ್ಣೆ ಬೆರಳಿನಿಂದ ಒತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿರಬೇಕು, ಕರಗಿರಬಾರದು. ನಿಮ್ಮಲ್ಲಿ ಈಗ ಚಳಿ ಇರುವುದರಿಂದ ಮೂರು ತಾಸು ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ಬೋಗುಣಿಯಲ್ಲಿ ಬೆಣ್ಣೆ, ಸಕ್ಕರೆಗಳನ್ನು ಅಂಗೈಯ ಬುಡದಿಂದ ಬಿಳಿಚುವವರೆಗೆ ತಿಕ್ಕಿ, ಮೊಸರು ಮತ್ತು ಎಸೆನ್ಸ್ ಸೇರಿಸಿ, ಸಾಣಿಸಿದ ಒಣ ಪದಾರ್ಥಗಳನ್ನು ಎರಡು ಸಲವಾಗಿ ಹಾಕಿ ಕೂಡಿಸಿ. ಇಲ್ಲಿ ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದಷ್ಟೂ ಮೈದಾದ ಅಂಟು ಬಲಿತು ಬಾರ್ ಬಿರುಸಾಗುತ್ತದೆ. ಒಣ ಹಿಟ್ಟು ಕಾಣದಾದ ಕೂಡಲೇ ಕೈ ತೆಗೆಯಬೇಕು. ಟಿನ್ನಿನ ಎರಡು ಬದಿಗೆ ಹೊರಚಾಚುವಂತೆ ಬಟರ್ ಪೇಪರ್ ಹಾಸಿ, ಹಿಟ್ಟನ್ನು ತುಣುಕು ತುಣುಕಾಗಿ ಹರಡಿ, ವಾಟಿಯ ತಳದಿಂದ ಎಲ್ಲ ಕಡೆ ಒಂದೇ ದಪ್ಪಕ್ಕೆ ಒತ್ತಿ. ಹದಿನೈದು ನಿಮಿಷ ಮೊದಲೇ ಕಾಯಿಸಿದ ಓವನ್ನಿನಲ್ಲಿ, ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಹಾಕಿ, ನಡು ಅಂತಸ್ತಿನಲ್ಲಿ 170 ಡಿಗ್ರಿಗೆ 20ರಿಂದ 24 ನಿಮಿಷ ಬೇಯಿಸಿ.

ಹೊರತೆಗೆಯುವ ಹದ ಎಲ್ಲಕ್ಕಿಂತ ಮುಖ್ಯ. ಅಂಚು ತಿಳಿಬಂಗಾರದ ಬಣ್ಣಕ್ಕೆ ತಿರುಗಿರಬೇಕು, ನಡುಭಾಗ ಬಿಳಿಯಾಗಿಯೇ ಇದ್ದು ಮೇಲ್ಮೈಯ ಹೊಳಪು ಮಾತ್ರ ಆರಿರಬೇಕು. ಮುಟ್ಟಿದರೆ ಇನ್ನೂ ಮೆತ್ತಗಿದೆ, ಬೆಂದಿಲ್ಲ ಎನ್ನಿಸುತ್ತದೆ, ಆದರೂ ತೆಗೆದುಬಿಡಿ. ಬಿಸಿ ಟಿನ್ನಿನಲ್ಲಿ ಅದು ಇನ್ನೂ ಐದಾರು ನಿಮಿಷ ಬೇಯುತ್ತಲೇ ಇರುತ್ತದೆ, ತಣ್ಣಗಾದಂತೆ ಗಟ್ಟಿಯಾಗುತ್ತದೆ. ಓವನ್ನಿನೊಳಗೇ ಗಟ್ಟಿಯಾಗಲಿ ಎಂದು ಕಾದರೆ ಕಳೆದ ವರ್ಷದ ಹಲಗೆಯೇ ಮತ್ತೆ ಸಿಗುತ್ತದೆ.

ಉತ್ತರ 2: ಟಿಳಕವಾಡಿಯ ಹಿರಿಯ, ಬೆಳಗಾವಿ

ವಿಜಯಪುರದ ತಂಗಿ ಹದದ ಬಗ್ಗೆ ಹೇಳಿದ ಮಾತನ್ನು ಓದಿ ನನಗೆ ನನ್ನ ಬಾಲ್ಯದ ಖಟಾಯಿ ನೆನಪಾಯಿತು. ಆಗ ಮನೆಗಳಲ್ಲಿ ಓವನ್ ಇರಲಿಲ್ಲ. ದೀಪಾವಳಿಗೆ ಮೊದಲು ನಮ್ಮವ್ವ ಮೈದಾ, ರವೆ, ಸಕ್ಕರೆ, ಡಾಲ್ಡಾಗಳನ್ನು ತೂಗಿ ಕೊಟ್ಟರೆ ಅವನ್ನು ಹೊತ್ತುಕೊಂಡು ನಾವು ಹುಡುಗರು ಬೇಕರಿಯ ಭಟ್ಟಿಗೆ ಹೋಗುತ್ತಿದ್ದೆವು. ಅಲ್ಲಿ ತಮ್ಮ ಸರದಿಗಾಗಿ ಕಾಯುತ್ತ ಕುಳಿತವರ ಸಾಲೇ ಇರುತ್ತಿತ್ತು. ಭಟ್ಟಿಯವರು ಕಟ್ಟಿಗೆಯ ಉರಿ ಜೋರಾಗಿರುವಾಗ ಪಾವು ಸುಟ್ಟುಕೊಂಡು, ಶಾಖ ಇಳಿದ ಮೇಲಷ್ಟೇ ಖಟಾಯಿಯ ತಟ್ಟೆಗಳನ್ನು ಒಳಗೆ ತಳ್ಳುತ್ತಿದ್ದರು. ಹೊರಬಂದ ಖಟಾಯಿ ಬಿಸಿಯಿರುವಾಗ ಎತ್ತಿದರೆ ಪುಡಿಯಾಗುತ್ತಿತ್ತು, ಆರುವವರೆಗೆ ಮುಟ್ಟಗೊಡುತ್ತಿರಲಿಲ್ಲ. ಬೆಣ್ಣೆ, ಸಕ್ಕರೆ ಹೆಚ್ಚಿರುವ ಹಿಟ್ಟಿಗೆ ಸಣ್ಣ ಶಾಖವೇ ಬೇಕು ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡವನು.

ಮಗಳೇ, ನನ್ನದೊಂದು ಸಲಹೆಯಿದೆ. ವೆನಿಲ್ಲಾ ಜೊತೆಗೆ ಅರ್ಧ ಚಿಕ್ಕ ಚಮಚ ಏಲಕ್ಕಿ ಪುಡಿ ಮತ್ತು ಚೂರು ಜಾಜಿಕಾಯಿ ತೇಯ್ದು ಹಾಕು. ನಿಮ್ಮ ಓಣಿಯವರ ನಾಲಿಗೆಗೆ ಅದು ಪರಿಚಯದ ಪರಿಮಳ. ಇನ್ನು ಬೆಳಗಾವಿಯಲ್ಲಿದ್ದುಕೊಂಡು ಫ್ರಾಸ್ಟಿಂಗ್‌ಗೆ ಬರೀ ಬೆಣ್ಣೆ ಸಕ್ಕರೆ ಏಕೆ? ನಮ್ಮ ಕುಂದಾವನ್ನೇ ತುಸು ಹಾಲಿನಲ್ಲಿ ಮಿದುಗೊಳಿಸಿ ಮೇಲೆ ಸವರಿದರೆ ಹೇಗೆ?

ಉತ್ತರ 3: ಗೃಹವಿಜ್ಞಾನದ ನಿವೃತ್ತ ಶಿಕ್ಷಕಿ, ಬಾಗಲಕೋಟೆ

ಹಿರಿಯರ ಏಲಕ್ಕಿಯ ಸಲಹೆಯನ್ನು ಒಪ್ಪುತ್ತೇನೆ, ಕುಂದಾದ ಸಲಹೆಯನ್ನು ಮಾತ್ರ ಈ ಸಂದರ್ಭಕ್ಕೆ ಒಪ್ಪಲಾರೆ. ಕುಂದಾ ಹಾಲನ್ನು ಬತ್ತಿಸಿ ಮಾಡಿದ ಪದಾರ್ಥ. ಅದಕ್ಕೆ ಮತ್ತೆ ಹಾಲು ಸೇರಿಸಿ ಸಡಿಲಗೊಳಿಸಿದರೆ ನೀರಿನ ಅಂಶ ಹೆಚ್ಚಿ, ಹೊರಗಿಟ್ಟಾಗ ಒಂದು ದಿನದಲ್ಲಿ ಹುಳಿ ವಾಸನೆ ಹಿಡಿಯಬಹುದು. ಕೆಳಗಿನ ಬಾರ್ ಕೂಡ ಆ ನೀರನ್ನು ಎಳೆದುಕೊಂಡು ಒದ್ದೆಯಾಗುತ್ತದೆ. ಅಂದೇ ಮಾಡಿ ಅಂದೇ ತಿನ್ನುವುದಿದ್ದರೆ ಅದು ಬಹಳ ಒಳ್ಳೆಯ ಜೋಡಿ. ಮೂರು ದಿನ ಇಡಬೇಕಾದ ತಾಟಿಗೆ ಕುಂದಾವನ್ನು ಬೇರೆ ದೊನ್ನೆಯಲ್ಲಿ ಇಡುವುದೇ ಸರಿ. ಬೆಣ್ಣೆಯ ತೂಕದ ಎರಡು ಪಟ್ಟು ಸಕ್ಕರೆ ಇರುವ ಫ್ರಾಸ್ಟಿಂಗ್‌ನಲ್ಲಿ ಇರುವ ಅಲ್ಪ ನೀರನ್ನು ಸಕ್ಕರೆಯೇ ಹಿಡಿದಿಟ್ಟುಕೊಳ್ಳುವುದರಿಂದ ಬೇಗ ಕೆಡುವುದಿಲ್ಲ.

ಈಗ ತಂಗಿಯ ಫ್ರಾಸ್ಟಿಂಗ್ ವಿಚಾರಕ್ಕೆ ಬರುತ್ತೇನೆ. ಹಾಲಿನ ಬೆಣ್ಣೆ 32ರಿಂದ 35 ಡಿಗ್ರಿಯ ನಡುವೆ ಪೂರ್ತಿ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಆಕಾರ ಬಿಡುತ್ತದೆ. ಕೈಗೆ ಉಗುರುಬೆಚ್ಚಗೆ ತಾಗುವ ಟಿನ್ ಎಂದರೆ ಸುಮಾರು 40 ಡಿಗ್ರಿ. ಅದರ ಮೇಲೆ ಎಷ್ಟೇ ಚೆನ್ನಾಗಿ ಮಾಡಿದ ಫ್ರಾಸ್ಟಿಂಗ್ ಕೂಡ ನಿಲ್ಲಲಾರದು. ಟಿನ್ನಿನ ತಳವನ್ನು ಮುಟ್ಟಿದಾಗ ಅಡುಗೆಮನೆಯ ಕಲ್ಲಿನಷ್ಟೇ ತಣ್ಣಗಿರಬೇಕು. ಅದಕ್ಕೆ ಎರಡು ತಾಸಾದರೂ ಬೇಕು. ನಿಮ್ಮ ಅವಸರಕ್ಕೆ ಇದರಿಂದ ಪರಿಹಾರವೂ ಸಿಗುತ್ತದೆ, ಏಕೆಂದರೆ ಬೇಯಿಸುವುದು ಮತ್ತು ಸವರುವುದು ಒಂದೇ ದಿನ ಆಗಬೇಕೆಂಬ ನಿಯಮವಿಲ್ಲ. 22ರ ರಾತ್ರಿ ಎರಡೂ ಟಿನ್ ಬೇಯಿಸಿ, ಪೂರ್ತಿ ಆರಿದ ಮೇಲೆ ಮುಚ್ಚಿಟ್ಟು, 23ರ ರಾತ್ರಿ ಫ್ರಾಸ್ಟಿಂಗ್ ಮಾಡಿ.

ಉಪ್ಪಿನ ಕಾರಣ ನಿಮ್ಮ ಹಳದಿ ಬೆಣ್ಣೆಯೇ. ಬ್ರೆಡ್ಡಿಗೆ ಹಚ್ಚಲು ಮಾರುವ ಬೆಣ್ಣೆಯಲ್ಲಿ ನೂರಕ್ಕೆ ಮೂರು ಭಾಗದವರೆಗೆ ಉಪ್ಪಿರಲು ಅವಕಾಶವಿದೆ. ಪೊಟ್ಟಣದ ಮೇಲೆ ಉಪ್ಪಿಲ್ಲದ್ದು ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಮನೆಯಲ್ಲಿ ಕಡೆದ ಬೆಣ್ಣೆಯಿದ್ದರೆ ಅದರಲ್ಲಿ ಉಳಿದ ಮಜ್ಜಿಗೆ ಹೋಗುವಂತೆ ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಹಿಂಡಿ, ಕೆಳಗಿನ ಹಿಟ್ಟಿಗೆ ಬಳಸಿಕೊಳ್ಳಿ. ಫ್ರಾಸ್ಟಿಂಗ್‌ಗೆ ಅದು ಬೇಡ. ನೀರಿನ ಪ್ರಮಾಣ ಒಂದೊಂದು ಸಲಕ್ಕೆ ಒಂದೊಂದು ತರ ಇರುವುದರಿಂದ ಒಡೆಯುತ್ತದೆ. ಹರಳಿನ ವಿಷಯಕ್ಕೆ ಬಂದರೆ, ಅಂಗಡಿಯ ಐಸಿಂಗ್ ಶುಗರ್ ಬಹಳ ನುಣ್ಣಗಿರುತ್ತದೆ ಮತ್ತು ಗಂಟು ಕಟ್ಟದಿರಲೆಂದು ಅದಕ್ಕೆ ಸ್ವಲ್ಪ ಪಿಷ್ಟ ಬೆರೆಸಿರುತ್ತಾರೆ. ಮನೆಯಲ್ಲೇ ಮಾಡುವುದಾದರೆ 200 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿ, ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಬಳಿಕ ತೆಳು ಮಲಮಲ್ ಬಟ್ಟೆಯಲ್ಲಿ ಜಾಲಿಸಿ. ಸಾಣಿಗೆಯಲ್ಲಿ ಇಳಿಯುವ ಹರಳು ಬಟ್ಟೆಯಲ್ಲಿ ಇಳಿಯುವುದಿಲ್ಲ.

ಒಂದು ಟಿನ್ನಿಗೆ 75 ಗ್ರಾಂ ಬೆಣ್ಣೆ, 150 ಗ್ರಾಂ ಪುಡಿ ಸಕ್ಕರೆ, ಕಾಸಿ ಆರಿಸಿದ ಹಾಲು ಒಂದು ಅಥವಾ ಎರಡು ಚಿಕ್ಕ ಚಮಚ ಸಾಕು. ಮೊದಲು ಬೆಣ್ಣೆಯೊಂದನ್ನೇ ಕಟ್ಟಿಗೆಯ ಸೌಟಿನಿಂದ ಐದು ನಿಮಿಷ ತಿರುಗಿಸಿ, ಸಕ್ಕರೆಯನ್ನು ಮೂರು ಸಲವಾಗಿ ಹಾಕಬೇಕು. ಹಾಲು ಕೊನೆಗೆ, ಅದೂ ಹನಿ ಹನಿಯಾಗಿ. ಬಣ್ಣ ಬೇಕಿದ್ದರೆ ಬೀಟ್‌ರೂಟ್ ತುರಿದು ಹಿಂಡಿದ ರಸವನ್ನು ಹಾಲಿನ ಬದಲು ಒಂದು ಚಮಚ ಹಾಕಿ. ಬೀಟ್‌ರೂಟಿನ ಬಣ್ಣ ಶಾಖಕ್ಕೆ ಕಂದುತ್ತದೆ, ಇಲ್ಲಿ ಶಾಖವೇ ಇಲ್ಲದ್ದರಿಂದ ಗುಲಾಬಿ ಬಣ್ಣ ಹಾಗೆಯೇ ಉಳಿಯುತ್ತದೆ. ಮೇಲೆ ಉದುರಿಸುವ ಬಣ್ಣದ ಕಾಳುಗಳನ್ನು ಕೊಳ್ಳುವಾಗ ಹಸಿರು ಚುಕ್ಕೆ ಇದೆಯೇ ಎಂದು ತಪ್ಪದೆ ನೋಡಿ. ಕೆಲವದರಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ತತ್ತಿ ಬಿಟ್ಟು ಮಾಡಿದ ತಾಟಿನಲ್ಲಿ ಅದು ಸೇರಿದರೆ ನಿಮ್ಮನ್ನು ನಂಬಿ ತಿನ್ನುವ ಮನೆಗಳಿಗೆ ಅನ್ಯಾಯವಾಗುತ್ತದೆ.

ಉತ್ತರ 4: ಮುಧೋಳದ ಓದುಗ, ಬಾಗಲಕೋಟೆ ಜಿಲ್ಲೆ

ನಮ್ಮ ಮನೆಯಲ್ಲಿ ಮೈದಾ ತರುವುದಿಲ್ಲ. ಹುಗ್ಗಿಗೆಂದು ಜವೆಗೋಧಿ ಸದಾ ಇರುತ್ತದೆ. ಅದರ ನುಣ್ಣನೆಯ ಹಿಟ್ಟಿನಿಂದ ಈ ಬಾರ್ ಮಾಡಬಹುದೇ? ಸಕ್ಕರೆಗೆ ಬದಲು ಮಹಾಲಿಂಗಪುರದ ಬೆಲ್ಲ ಹಾಕಬಹುದೇ?

ಉತ್ತರ 5: ಮನೆಯಲ್ಲೇ ಬೇಕರಿ, ವಿಜಯಪುರ

ಮಾಡಬಹುದು ಅಣ್ಣಾ. ಜವೆಗೋಧಿಯ ಅಂಟು ಸಾದಾ ಗೋಧಿಗಿಂತ ದುರ್ಬಲ. ರೊಟ್ಟಿ, ಪಾವುಗಳಿಗೆ ಅದು ಕೊರತೆಯಾದರೂ ಬಿಸ್ಕತ್ತಿನ ಜಾತಿಗೆ ತೊಂದರೆಯಿಲ್ಲ. ಹೊಟ್ಟಿನ ಅಂಶ ನೀರು ಹೀರುವುದರಿಂದ ಮೊಸರು ಒಂದು ಚಮಚ ಹೆಚ್ಚಿಸಿ, ಕಲಸಿದ ಹಿಟ್ಟನ್ನು ಇಪ್ಪತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಒತ್ತಿ. ಬೆಲ್ಲವನ್ನು ಕೆಳಗಿನ ಹಿಟ್ಟಿಗೆ ಪುಡಿ ಮಾಡಿ ಹಾಕಬಹುದು. ಬಣ್ಣ ಕಂದಾಗುತ್ತದೆ, ಬಾರ್ ತುಸು ಜಿಗುಟಾಗುತ್ತದೆ, ಅಂಚಿನ ಬಣ್ಣ ನೋಡಿ ಹದ ತಿಳಿಯುವುದು ಕಷ್ಟವಾಗುತ್ತದೆ, ಆದ್ದರಿಂದ 20 ನಿಮಿಷಕ್ಕೇ ಮುಟ್ಟಿ ನೋಡಬೇಕು. ಫ್ರಾಸ್ಟಿಂಗ್‌ಗೆ ಬೆಲ್ಲ ಹಾಕಲು ಹೋಗಬೇಡಿ. ಅದರ ತೇವಕ್ಕೆ ಬೆಣ್ಣೆ ಒಡೆಯುತ್ತದೆ.

ಅಕ್ಕಾ, ಕತ್ತರಿಸುವ ವಿಷಯ ಹೇಳುವುದು ಮರೆತಿದ್ದೆ. ಫ್ರಾಸ್ಟಿಂಗ್ ಸವರಿದ ಮೇಲೆ ಟಿನ್ನನ್ನು ಒಂದು ತಾಸು ಫ್ರಿಜ್ಜಿನಲ್ಲಿಟ್ಟು, ಕಾಗದದ ಅಂಚು ಹಿಡಿದು ಇಡಿಯಾಗಿ ಮೇಲೆತ್ತಿ, ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಒತ್ತಿಗೆ ಕೆಳಗಿಳಿಸಿ. ಪ್ರತಿ ಗೀರಿಗೂ ಚಾಕುವನ್ನು ಒರೆಸಲೇಬೇಕು, ಇಲ್ಲದಿದ್ದರೆ ಕೆಳಗಿನ ಪುಡಿ ಬಿಳಿ ಫ್ರಾಸ್ಟಿಂಗ್‌ಗೆ ಮೆತ್ತಿಕೊಳ್ಳುತ್ತದೆ. ಡಬ್ಬಿಯಲ್ಲಿ ಒಂದರ ಮೇಲೊಂದು ಇಡುವುದಾದರೆ ನಡುವೆ ಬಟರ್ ಪೇಪರ್ ಇರಲಿ, ಎರಡು ಅಂತಸ್ತಿಗಿಂತ ಹೆಚ್ಚು ಬೇಡ.

ಪ್ರಶ್ನೆ ಕೇಳಿದವರಿಂದ: ಶಹಾಪುರದ ಗೃಹಿಣಿ, ಬೆಳಗಾವಿ (ಡಿಸೆಂಬರ್ 15)

ರವಿವಾರ ಒಂದು ಟಿನ್ ಮಾಡಿ ನೋಡಿದೆ. 8 ಇಂಚಿನ ಹೊಸ ಟಿನ್ ತಂದು, ಗ್ರಾಂ ಲೆಕ್ಕದಲ್ಲಿ ತೂಗಿ, 170 ಡಿಗ್ರಿಗೆ ಇಟ್ಟೆ. 22 ನಿಮಿಷಕ್ಕೆ ನೋಡಿದಾಗ ಅಂಚು ಇನ್ನೂ ಬಿಳಿಯಾಗಿಯೇ ಇತ್ತು. ನಮ್ಮ ಓಟಿಜಿ ಹಳೆಯದಾದ್ದರಿಂದ ಗುಂಡಿ ತೋರಿಸುವಷ್ಟು ಶಾಖ ಒಳಗಿರಲಾರದು ಎಂದುಕೊಂಡು 27 ನಿಮಿಷ ಬಿಟ್ಟೆ. ತಿಳಿಬಂಗಾರದ ಬಣ್ಣ ಬಂದ ಕೂಡಲೇ ತೆಗೆದೆ. ನಡುವೆ ಮೆತ್ತಗಿದ್ದದ್ದನ್ನು ಕಂಡು ಮತ್ತೆ ಒಳಗಿಡಲು ಕೈ ಹೋಗಿತ್ತು, ಆದರೆ ವಿಜಯಪುರದ ತಂಗಿಯ ಮಾತು ನೆನೆದು ಸುಮ್ಮನಾದೆ. ರಾತ್ರಿಯಿಡೀ ಕಿಟಕಿಯ ಬಳಿ ಆರಲು ಬಿಟ್ಟಿದ್ದೆ. ಬೆಳಿಗ್ಗೆ ಕತ್ತರಿಸಿದಾಗ ಅಂಚಿನ ತುಂಡು ಖಟಾಯಿಯಂತೆ ಪುಡಿಪುಡಿಯಾಗಿತ್ತು, ನಡುವಿನದು ಮೆತ್ತಗಿತ್ತು. ಕಾಕಾ ಅವರ ಏಲಕ್ಕಿ, ಜಾಜಿಕಾಯಿ ಹಾಕಿದ್ದೆ. ಅತ್ತೆಯವರ ನೆವ್ರಿಯ ಹೂರಣದ ಪರಿಮಳವೇ ಅಡುಗೆಮನೆಯಲ್ಲಿ ಎದ್ದಂತಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಫ್ರಾಸ್ಟಿಂಗ್‌ನಲ್ಲಿ ಒಂದು ಹರಳೂ ಸಿಗಲಿಲ್ಲ. ಟೀಚರ್ ಹೇಳಿದ ಮಲಮಲ್ ಬಟ್ಟೆಗೆ ನಾನು ಋಣಿ. ಬೀಟ್‌ರೂಟ್ ರಸ ಒಂದು ಚಮಚ ಹಾಕಿದ್ದಕ್ಕೆ ಬಣ್ಣ ನನ್ನ ಕಣ್ಣಿಗೆ ಗಾಢವೆನಿಸಿತು, ಅರ್ಧ ಚಮಚವೇ ಚೆನ್ನ. ಎದುರು ಮನೆಯ ವೈನಿಯವರಿಗೆ ನಾಲ್ಕು ತುಂಡು ಕೊಟ್ಟು ಬಂದೆ. ಅವರು ತಿಂದು ನೋಡಿ, ಕಣಕ ಯಾವ ಹದಕ್ಕೆ ಕಲಸಿದೆ ಎಂದು ಕೇಳಿದರು; 22ರ ಸಂಜೆ ತಾವೂ ಬಂದು ಎರಡನೆಯ ಟಿನ್ ಒತ್ತಿ ಕೊಡುವುದಾಗಿ ಹೇಳಿದ್ದಾರೆ. ಒಂದು ಕಿಲೋ ಮೈದಾ, ಅರ್ಧ ಕಿಲೋ ಉಪ್ಪಿಲ್ಲದ ಬೆಣ್ಣೆ ತಂದಿಟ್ಟಿದ್ದೇನೆ.